ಒಳಜೇಬಿನಲ್ಲಿದ್ದದ್ದು

ಶರಣಪ್ಪ ಮತ್ತು ಮಧುಸೂದನ್ ಪರಿಚಯವಾದದ್ದು ಕೆಟ್ಟು ನಿಂತ ಲಿಫ್ಟೊಂದರ ಬಾಗಿಲಿನ ಆಚೆ ಈಚೆ. ಆರು ವರ್ಷದ ಹಿಂದಿನ ಮಾತು. ಲಂಡನ್ನಿನ ಕ್ಯಾನರಿ ವಾರ್ಫ್‌ನ ಆಫೀಸು ಕಟ್ಟಡವೊಂದರಲ್ಲಿ ಹನ್ನೊಂದು ಮತ್ತು ಹನ್ನೆರಡನೇ ಮಹಡಿಯ ನಡುವೆ ಲಿಫ್ಟು ಸಿಕ್ಕಿಕೊಂಡಿತ್ತು. ರಿಪೇರಿಗೆ ಬಂದ ಶರಣಪ್ಪ ಬಾಗಿಲ ಸಂದಿಯಲ್ಲಿ ಟಾರ್ಚು ಬಿಟ್ಟು, ತನ್ನಷ್ಟಕ್ಕೆ ತಾನೇ, “ಯವ್ವಾ, ರೋಲರ್ ಪೂರಾ ಸವದು ಹೋಗ್ಯಾದಲ್ಲ” ಎಂದ. ಒಳಗಿನಿಂದ ನಡುಗುವ ದನಿಯೊಂದು ಕೇಳಿತು: “ಸಾರ್, ಕನ್ನಡದವ್ರಾ? ಬೇಗ ಹೊರಗೆ ತೆಗೀರಿ ಸಾರ್, ಉಸಿರು ಕಟ್ತಿದೆ.”

ಬಾಗಿಲು ತೆರೆಯಲು ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಒಳಗಿನವನು ಗಾಬರಿಯಾಗದಂತೆ ಶರಣಪ್ಪ ಮಾತಾಡಿಸುತ್ತಲೇ ಇದ್ದ. ಊರು, ಮಕ್ಕಳು, ಊಟ ಎಲ್ಲ ಮುಗಿದ ಮೇಲೆ, “ಗಾಡಿ ಹೊಡೀತೀರೇನು?” ಎಂದು ಕೇಳಿದ. ಮಧುಸೂದನ್ ಹತ್ತಿರ ಕಾಡುದಾರಿಯಲ್ಲಿ ಓಡಿಸುವ ಬೈಕಿತ್ತು. ಕೊಂಡು ಒಂದು ವರ್ಷವಾದರೂ ಜೊತೆಗೆ ಬರುವವರಿಲ್ಲದೆ ಗ್ಯಾರೇಜಿನಲ್ಲಿ ನಿಂತಿತ್ತು.

ಶರಣಪ್ಪ ಕಲಬುರಗಿಯವನು. ಅಪ್ಪನದು ಸೂಪರ್ ಮಾರ್ಕೆಟ್ ಹಿಂದೆ ಮೋಟರ್‌ಸೈಕಲ್ ಗ್ಯಾರೇಜು. ಐಟಿಐ ಮುಗಿಸಿ, ದುಬೈನಲ್ಲಿ ಏಳು ವರ್ಷ ಲಿಫ್ಟುಗಳ ಕೆಲಸ ಮಾಡಿ, ಲಂಡನ್ನಿಗೆ ಬಂದು ಎಜ್‌ವೇರ್‌ನಲ್ಲಿ ಮನೆ ಮಾಡಿದವನು. ಹೆಂಡತಿ ಗಿರಿಜಾದೇವಿ ಹತ್ತಿರದ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಮಗಳು ಸಾನ್ವಿಗೆ ಹದಿನಾಲ್ಕು. ಮಧುಸೂದನ್ ಬೆಂಗಳೂರಿನ ಜಯನಗರದವನು, ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ದೊಡ್ಡ ಹುದ್ದೆ, ಸ್ಟ್ಯಾನ್ಮೋರ್‌ನಲ್ಲಿ ಅಕ್ಕಪಕ್ಕಕ್ಕೆ ಗೋಡೆ ಹಂಚಿಕೊಳ್ಳದ ದೊಡ್ಡ ಒಂಟಿಮನೆ. ಇಬ್ಬರ ಮನೆಗಳ ನಡುವೆ ಹತ್ತು ನಿಮಿಷದ ದಾರಿ. ಲಿಫ್ಟು ಕೆಡದಿದ್ದರೆ ಇವರಿಬ್ಬರೂ ಒಂದೇ ಮೇಜಿನ ಮುಂದೆ ಕೂರುವ ಸಂಭವವಿರಲಿಲ್ಲ.

ಆಮೇಲೆ ತಿಂಗಳಿಗೆ ಎರಡು ಭಾನುವಾರ ಅವರು ಒಟ್ಟಿಗೆ ಹೊರಟರು. ಶರಣಪ್ಪನದು ಮೂರನೇ ಕೈ ದಾಟಿ ಬಂದ ಹಳೆಯ ಇನ್ನೂರೈವತ್ತು ಸಿಸಿ ಗಾಡಿ. ಲಂಡನ್ನಿನ ಪಶ್ಚಿಮದ ಅಂಚಿನಲ್ಲಿ, ಹೇರ್‌ಫೀಲ್ಡ್ ಆಚೆಗೆ, ಡಾಂಬರು ಕಾಣದ ಹಳೆಯ ಸಾರ್ವಜನಿಕ ದಾರಿಗಳಿವೆ. ಎರಡೂ ಕಡೆ ಬೇಲಿ, ನಡುವೆ ಕೆಸರು, ಸುಣ್ಣಕಲ್ಲು, ಮರದ ಬೇರು. ಕುದುರೆ ಬಂದರೆ ಎಂಜಿನ್ ಆರಿಸಿ ನಿಲ್ಲಬೇಕು, ಗೇಟು ದಾಟಿದ ಮೇಲೆ ಮುಚ್ಚಿ ಹೋಗಬೇಕು. ಮಧುಸೂದನ್ ಪ್ರತಿ ಸಲವೂ ತಪ್ಪದೆ ಗೇಟು ಮುಚ್ಚುತ್ತಿದ್ದ.

ಹೋದ ವರ್ಷಕ್ಕೂ ಹಿಂದಿನ ವರ್ಷ ನವೆಂಬರಿನಲ್ಲಿ ಅಂಥದೇ ಒಂದು ಗೇಟಿನ ಬಳಿ ಅವನ ಬೈಕು ಹೋಯಿತು. ಶರಣಪ್ಪ ಅರ್ಧ ಮೈಲಿ ಹಿಂದಿದ್ದ. ಮುಖ ಮುಚ್ಚಿಕೊಂಡ ಇಬ್ಬರು ಸದ್ದೇ ಇಲ್ಲದ ಎಲೆಕ್ಟ್ರಿಕ್ ಬೈಕಿನಲ್ಲಿ ಬಂದು, ಒಬ್ಬ ಸುತ್ತಿಗೆ ಎತ್ತಿ ಹೆಲ್ಮೆಟ್ಟಿಗೆ ಒಂದೇಟು ಹಾಕಿದ್ದ, ಇನ್ನೊಬ್ಬ ಗಾಡಿ ಹತ್ತಿ ಹೋಗಿದ್ದ. ಶರಣಪ್ಪ ಬಂದಾಗ ಮಧುಸೂದನ್ ಗೇಟಿಗೆ ಒರಗಿ ಕೆಸರಿನಲ್ಲಿ ಕುಳಿತಿದ್ದ. ಹೆಲ್ಮೆಟ್ಟಿನಲ್ಲಿ ಬಿರುಕು. “ನಾನು ಕೊಟ್ಬಿಟ್ಟೆ ಶರಣಪ್ಪನವ್ರೇ, ಕೇಳೋಕ್ ಮುಂಚೇನೇ ಕೀ ಕೊಟ್ಬಿಟ್ಟೆ” ಎಂದು ಅದೊಂದನ್ನೇ ಹೇಳುತ್ತಿದ್ದ.

ಅಲ್ಲಿಂದ ಶರಣಪ್ಪನಿಗೆ ಆ ದಾರಿಗಳ ಮೇಲಿನ ನಂಬಿಕೆ ಹೋಯಿತು. ಬೇಲಿಯಿಂದ ಕಾಡುಪಾರಿವಾಳ ಹಾರಿದರೂ ಬ್ರೇಕು ಒತ್ತಿ ನಿಲ್ಲುತ್ತಿದ್ದ. ಕನ್ನಡಿಯಲ್ಲಿ ಹಿಂದೆ ನೋಡುತ್ತಾ ಓಡಿಸಿ ಎರಡು ಸಲ ಹಳ್ಳಕ್ಕೆ ಬಿದ್ದ. ಆದರೆ ಜನವರಿಯಲ್ಲಿ ಹೊಸ ಬೈಕು ತಂದ ಮಧುಸೂದನ್ ಮಾತ್ರ ಆಶ್ಚರ್ಯವಾಗುವಷ್ಟು ನಿರಾಳವಾಗಿದ್ದ.

“ನಿಮಗ ಅಂಜಿಕಿ ಬರಂಗಿಲ್ಲೇನ್ರಿ ಮಧು ಸರ್?” ಎಂದು ಒಮ್ಮೆ ಕೇಳಿದ.

“ವ್ಯವಸ್ಥೆ ಮಾಡ್ಕೊಂಡಿದ್ದೀನಿ ಬಿಡಿ” ಎಂದು ಅವನು ನಕ್ಕ. ಟ್ರ್ಯಾಕರ್ ಹಾಕಿಸಿರಬೇಕು ಎಂದುಕೊಂಡು ಶರಣಪ್ಪ ಸುಮ್ಮನಾದ.

ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಹತ್ತು ಗಂಟೆಯ ಹೊತ್ತಿಗೆ, ಇಳಿಜಾರಿನ ಒದ್ದೆ ಬೇರೊಂದರ ಮೇಲೆ ಮಧುಸೂದನನ ಮುಂದಿನ ಚಕ್ರ ಜಾರಿತು. ಗಾಡಿ ಅವನ ಮೇಲೆ ಮಗುಚಿತು. ಶರಣಪ್ಪ ಅದನ್ನು ಎತ್ತಿ ಪಕ್ಕಕ್ಕೆ ಹಾಕಿದಾಗ ಮಧುಸೂದನನ ಬಲತೊಡೆ ತಿರುಗಬಾರದ ಕಡೆ ತಿರುಗಿತ್ತು. ಕೂಗಾಟ ಕೇಳಿ ನಾಯಿ ತಿರುಗಾಡಿಸುತ್ತಿದ್ದ ಮುದುಕಿಯೊಬ್ಬಳು ಓಡಿಬಂದು ಆಂಬುಲೆನ್ಸಿಗೆ ಫೋನು ಮಾಡಿದಳು. ಅದು ಒಳಗೆ ಬರಲು ದಾರಿ ತೋರಿಸುತ್ತೇನೆಂದು ರಸ್ತೆಯ ಕಡೆಗೆ ಹೋದಳು.

ಅವಳು ಮರೆಯಾದದ್ದೇ ತಡ, ಮಧುಸೂದನ್ ಶರಣಪ್ಪನ ಮುಂಗೈ ಹಿಡಿದ. ಅವನ ಬೆವರಿದ ಮುಖ ಬೂದಿಬಣ್ಣಕ್ಕೆ ತಿರುಗಿತ್ತು.

“ಜಾಕೆಟ್ಟು... ಎಡಗಡೆ ಒಳಜೇಬು. ತೆಗೀರಿ. ಅವರು ಬಂದ್ರೆ ಕತ್ತರಿ ಹಾಕಿ ಬಟ್ಟೆ ಬಿಚ್ತಾರೆ. ನೋಡ್ಬಿಡ್ತಾರೆ.”

“ಏನದ ಅದ್ರಾಗ?”

“ತೆಗೀರಿ ಶರಣಪ್ಪನವ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ಮಕ್ಕಳ ಮುಖ ನೋಡಿ.”

ಔಷಧಿಯೋ, ದುಡ್ಡೋ ಇರಬೇಕೆಂದು ಶರಣಪ್ಪ ಝಿಪ್ಪು ಎಳೆದು ಕೈಹಾಕಿದ. ಕೈಗೆ ಬಂದದ್ದು ತಣ್ಣಗಿತ್ತು, ಭಾರವಾಗಿತ್ತು. ಕಪ್ಪು ಪಿಸ್ತೂಲು. ಜೀವಮಾನದಲ್ಲಿ ಅಂಥದನ್ನು ಮುಟ್ಟಿದವನಲ್ಲ. ಎಲ್ಲಿ ಬೆರಳು ಇಟ್ಟರೆ ಗುಂಡು ಹಾರುತ್ತದೋ ಎಂದು ಸತ್ತ ಇಲಿಯನ್ನು ಹಿಡಿಯುವಂತೆ ತುದಿಯಲ್ಲಿ ಹಿಡಿದುಕೊಂಡ. ದೂರದಲ್ಲಿ ಸೈರನ್ ಕೇಳಿಸಿತು. ಯೋಚಿಸಲು ಸಮಯವಿರಲಿಲ್ಲ. ತನ್ನ ಬೆನ್ನುಚೀಲ ಬಿಚ್ಚಿ, ಸ್ಪ್ಯಾನರುಗಳ ಕೆಳಗೆ, ಗ್ರೀಸು ಒರೆಸುವ ಬಟ್ಟೆಯಲ್ಲಿ ಸುತ್ತಿ ತುರುಕಿದ.

ಆಂಬುಲೆನ್ಸಿನ ಹಿಂದೆಯೇ ಪೊಲೀಸ್ ಕಾರೂ ಬಂತು. ಸಾರ್ವಜನಿಕ ದಾರಿಯಲ್ಲಿ ಅಪಘಾತ ಎಂದರೆ ಅವರೂ ಬರುತ್ತಾರೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಕಾರಿನಿಂದ ಇಳಿದ ಪೊಲೀಸ್ ಇಪ್ಪತ್ತೈದರ ಆಸುಪಾಸಿನ ಹುಡುಗಿ, ಕೈಯಲ್ಲಿ ಪುಟ್ಟ ನೋಟ್‌ಬುಕ್ಕು. ಹೆಸರು, ವಿಳಾಸ, ಎಷ್ಟು ವೇಗದಲ್ಲಿದ್ದಿರಿ, ಎಂದು ಮೆತ್ತಗೆ ಕೇಳುತ್ತಾ ಹೋದಳು. ಅವಳ ಬೂಟಿನ ಪಕ್ಕದಲ್ಲೇ ಅವನ ಚೀಲ ಬಿದ್ದಿತ್ತು. ಅವಳ ಮುಖ ನೋಡಿದರೆ ಕಣ್ಣು ಚೀಲದ ಕಡೆ ಜಾರುತ್ತದೆಂದು ಅವನು ಬೇಲಿಯ ಮುಳ್ಳನ್ನೇ ನೋಡುತ್ತಾ ಉತ್ತರ ಕೊಟ್ಟ.

ಅಷ್ಟರಲ್ಲಿ ಸ್ಟ್ರೆಚರ್ ತಿರುಗಿಸಲು ಜಾಗ ಸಾಲಲಿಲ್ಲ. ಪೊಲೀಸ್ ಹುಡುಗಿ ದಾರಿ ಬಿಡಿಸಲು ಬಗ್ಗಿ ಚೀಲವನ್ನು ಎತ್ತಿಕೊಂಡಳು. ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ಸದ್ದಾಯಿತು. “ಅಬ್ಬಾ, ಏನು ತುಂಬಿದ್ದೀರಿ ಇದರಲ್ಲಿ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಟೂಲ್ಸ್” ಎಂದ. ದನಿ ಅವನದೇ ಎನ್ನಿಸಲಿಲ್ಲ.

ಅವಳು ಅವನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಭುಜ ಮುಟ್ಟಿ, ಪಾಪ ನೀವೂ ಹೆದರಿದ್ದೀರಿ, ಸ್ವಲ್ಪ ಕೂತು ನೀರು ಕುಡಿದು ಹೊರಡಿ ಎಂದಳು. ಆ ಮರುಕ ಅವನಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಮನೆಗೆ ಹನ್ನೆರಡು ಮೈಲಿ. ಪ್ರತಿ ಸಿಗ್ನಲ್ಲಿನಲ್ಲೂ ಬೆನ್ನ ಮೇಲಿನ ಚೀಲ ಸುಡುತ್ತಿದ್ದಂತಿತ್ತು. ಪಕ್ಕದಲ್ಲಿ ಬಸ್ಸು ನಿಂತರೆ ಮೇಲಿನಿಂದ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎನ್ನಿಸುತ್ತಿತ್ತು. ಈ ದೇಶದಲ್ಲಿ ಪಿಸ್ತೂಲು ಇಟ್ಟುಕೊಂಡು ಸಿಕ್ಕಿದರೆ ಐದು ವರ್ಷಕ್ಕೆ ಕಡಿಮೆಯಿಲ್ಲದ ಜೈಲು ಎಂದು ಎಲ್ಲೋ ಓದಿದ್ದ. ಅವನದು ಇನ್ನೂ ಭಾರತದ ಪಾಸ್‌ಪೋರ್ಟು. ಶಿಕ್ಷೆ ಮುಗಿಯುತ್ತಲೇ ದೇಶ ಬಿಡಿಸುತ್ತಾರೆ. ಸಾನ್ವಿಯ ಶಾಲೆ ಏನು? ಗಿರಿಜಾ ಏನು ಮಾಡುತ್ತಾಳೆ? ಕಾಲುವೆಯ ಸೇತುವೆಯ ಮೇಲೆ ನಿಧಾನಿಸಿದ. ನೀರಿಗೆ ಎಸೆದರೆ ಮುಗಿಯಿತು. ಕೆಳಗೆ ದೋಣಿಯ ಮೇಲೆ ಒಬ್ಬಳು ಬಟ್ಟೆ ಒಣಹಾಕುತ್ತಿದ್ದಳು, ಪಕ್ಕದಲ್ಲಿ ಎರಡು ಮಕ್ಕಳು ನೀರಿನಲ್ಲಿ ಬಲೆ ಆಡಿಸುತ್ತಿದ್ದವು. ಮುಂದೆ ಹೋದ.

ಮನೆಯಲ್ಲಿ ಗಿರಿಜಾದೇವಿ ರೊಟ್ಟಿ ಬಡಿಯುತ್ತಿದ್ದಳು. ಅಪಘಾತದ ಸುದ್ದಿ ಹೇಳಿದ, ಉಳಿದದ್ದು ಹೇಳಲಿಲ್ಲ. ಚೀಲವನ್ನು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿಟ್ಟು ಕೈತೊಳೆಯಲು ಹೋದ. ಮರಳಿ ಬಂದಾಗ ಸಾನ್ವಿ ಆ ಕಪಾಟಿನ ಮುಂದೆ ಮಂಡಿಯೂರಿ ಕುಳಿತು ಚೀಲದ ಬಕಲ್ ಬಿಚ್ಚುತ್ತಿದ್ದಳು.

“ಡ್ಯಾಡ್, ಐ ಜಸ್ಟ್ ನೀಡ್ ಅ ಸ್ಕ್ರೂಡ್ರೈವರ್—”

“ಬಿಡು! ಬಿಡು ಅದನ್ನ!”

ಅವನು ಅವಳ ಕೈಯಿಂದ ಚೀಲ ಕಿತ್ತುಕೊಂಡ ರಭಸಕ್ಕೆ ಅವಳು ಗೋಡೆಗೆ ಬಿದ್ದಳು. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಮಗಳ ಮೇಲೆ ದನಿ ಎತ್ತಿದವನಲ್ಲ. ಅವಳು ಅಳುತ್ತಾ ಮಹಡಿಗೆ ಓಡಿದಳು. ಗಿರಿಜಾದೇವಿ ಹಿಟ್ಟಿನ ಕೈಯಲ್ಲೇ ಬಂದು ನಿಂತು, ಗಂಡನ ಮುಖ ನೋಡಿ, ಅವನನ್ನು ಒಳಗೆ ಕರೆದು ಅಡುಗೆಮನೆಯ ಬಾಗಿಲು ಮುಚ್ಚಿದಳು.

“ಏನದ ಅದ್ರಾಗ, ಹೇಳ್ರಿ.”

ಹೇಳಿದ. ಅವಳು ಕುರ್ಚಿ ಎಳೆದು ಕುಳಿತಳು. ಒಲೆಯ ಮೇಲಿನ ರೊಟ್ಟಿ ಸೀದು ಹೊಗೆಯ ಅಲಾರಂ ಕಿರುಚತೊಡಗಿದಾಗ ಇಬ್ಬರೂ ಬೆಚ್ಚಿಬಿದ್ದರು.

“ನಿಮಗ ಬುದ್ಧಿ ಎಲ್ಲಿ ಹೋಗಿತ್ರಿ? ಯಾರದ್ದೋ ಪಿಸ್ತೂಲ್ ಹೊತ್ಕೊಂಡು ಮನೀತನ ಬಂದೀರಲ್ಲ!”

“ಆ ಹೊತ್ತಿನ್ಯಾಗ ಏನ್ ಮಾಡ್ಬೇಕಿತ್ತು ಗಿರಿಜಾ? ಕೈ ಹಿಡ್ಕೊಂಡು ಮಕ್ಕಳ ಹೆಸರ ತಗೊಂಡ.”

“ನಿಮಗೂ ಮಗಳದಾಳ. ಮದಲ ದವಾಖಾನಿಗೆ ಹೋಗ್ರಿ. ಇದು ಎಂಥಾದ್ದು ಅಂತ ಕೇಳ್ಕೊಂಡು ಬರ್ರಿ. ನಾ ಇಲ್ಲೇ ಕುಂತಿರ್ತೀನಿ, ಈ ಚೀಲ ಬಿಟ್ಟು ಏಳಂಗಿಲ್ಲ.”

ಆಸ್ಪತ್ರೆಯಲ್ಲಿ ಮಧುಸೂದನ್ ಆಪರೇಷನ್ನಿಗೆ ಕಾಯುತ್ತಿದ್ದ. ಹೆಂಡತಿ ಜಾಹ್ನವಿ ಟೀ ತರಲು ಹೋದಾಗ ಇಬ್ಬರೇ ಉಳಿದರು. ನೋವಿನ ಔಷಧಿಯಿಂದ ಅವನ ನಾಲಿಗೆ ತೊದಲುತ್ತಿತ್ತು. ಅದು ಗುಂಡು ಹಾರಿಸುವುದಲ್ಲ, ಬರೀ ಸದ್ದು ಮಾಡುವ ಪಿಸ್ತೂಲು ಎಂದ. ಬೈಕು ಕಳುವಾದ ವಾರವೇ ಆನ್‌ಲೈನಿನಲ್ಲಿ ತರಿಸಿದ್ದನಂತೆ, ಆಗ ಮಾರುವುದಕ್ಕೆ ಅಡ್ಡಿ ಇರಲಿಲ್ಲವಂತೆ. ಬಂದಾಗ ಅದಕ್ಕೆ ಕಣ್ಣು ಕುಕ್ಕುವ ನೀಲಿ ಬಣ್ಣವಿತ್ತು. ಆಟಿಕೆಯಂತೆ ಕಂಡರೆ ಯಾರು ಹೆದರುತ್ತಾರೆಂದು ತಾನೇ ಕಪ್ಪು ಬಳಿದಿದ್ದ. ಅಂಥವನ್ನು ಸುಲಭವಾಗಿ ನಿಜವಾದ ಪಿಸ್ತೂಲಾಗಿ ಮಾಡಬಹುದೆಂದು ಫೆಬ್ರವರಿಯಲ್ಲಿ ಪೊಲೀಸರು ಎಲ್ಲರೂ ತಂದೊಪ್ಪಿಸಿ ಎಂದು ಗಡುವು ಕೊಟ್ಟರು. ಅದಾದ ಮೇಲೆ ಇಟ್ಟುಕೊಂಡವರಿಗೆ ಜೈಲು. ಅವನು ಒಪ್ಪಿಸಲಿಲ್ಲ.

“ಯಾಕ ಕೊಡ್ಲಿಲ್ರಿ?”

“ಅದಿಲ್ದೆ ಮನೆಯಿಂದ ಹೊರಗೆ ಕಾಲಿಡೋಕೆ ಆಗ್ತಿರ್ಲಿಲ್ಲ. ಆಫೀಸಿಗೂ ತಗೊಂಡು ಹೋಗಿದ್ದೀನಿ ಎರಡು ಸಲ. ಜಾಹ್ನವಿಗೆ ಗೊತ್ತಿಲ್ಲ.” ಕಣ್ಣು ಮುಚ್ಚಿಕೊಂಡ. “ನಿಮ್ಮ ಶೆಡ್ಡಲ್ಲಿ ಇಟ್ಟಿರಿ. ಕಾಲು ಸರಿಹೋದ್ಮೇಲೆ ನಾನೇ ಏನಾದ್ರೂ ಮಾಡ್ತೀನಿ.”

ಶರಣಪ್ಪ ಹಾಸಿಗೆಯ ಕಂಬಿ ಹಿಡಿದು ನಿಂತ. ಕಾಲು ಸರಿಹೋಗಲು ಮೂರು ತಿಂಗಳು ಬೇಕು. ಮೂರು ತಿಂಗಳು ಪ್ರತಿ ಸಲ ಬಾಗಿಲ ಗಂಟೆ ಬಾರಿಸಿದಾಗಲೂ ತನಗಾಗುವ ಗತಿ ಅವನ ಕಣ್ಣಿಗೆ ಕಟ್ಟಿತು.

“ಆಗಂಗಿಲ್ಲ ಮಧು ಸರ್. ನಾ ಇವತ್ತೇ ಪೊಲೀಸರಿಗೆ ಫೋನ್ ಮಾಡ್ತೀನಿ. ಯಾರದು ಅಂತ ಕೇಳೇ ಕೇಳ್ತಾರ. ನಾ ಸುಳ್ಳು ಹೇಳಂಗಿಲ್ಲ. ನೀವು ಮದಲ ಜಾಹ್ನವಿ ಮೇಡಮ್ಮರಿಗೆ ಹೇಳ್ರಿ, ವಕೀಲರನ್ನ ಹಿಡೀರಿ.”

“ನನ್ನ ಕೆಲಸ ಹೋಗುತ್ತೆ. ಎಲ್ಲ ಹೋಗುತ್ತೆ. ನನ್ನ ಸ್ನೇಹಿತ ಅಂದ್ಕೊಂಡಿದ್ದೆ ನಿಮ್ಮನ್ನ.”

ಶರಣಪ್ಪ ಕಂಬಿ ಬಿಟ್ಟು ಹೊರಗೆ ಬಂದ. ಕಾರಿಡಾರಿನಲ್ಲಿ ಎರಡು ಕಪ್ಪು ಹಿಡಿದು ಬರುತ್ತಿದ್ದ ಜಾಹ್ನವಿ, “ಶರಣಪ್ಪನವ್ರೇ, ನೀವಿರ್ಲಿಲ್ಲ ಅಂದಿದ್ರೆ ಏನಾಗ್ತಿತ್ತೋ” ಎಂದು ಒಂದು ಕಪ್ಪು ಅವನ ಕೈಗಿಟ್ಟಳು. ಅದನ್ನು ಕುಡಿಯಲಾರದೆ ಕಿಟಕಿಯ ಕಟ್ಟೆಯ ಮೇಲೆ ಬಿಟ್ಟುಬಂದ.

ಸಂಜೆ ಐದೂವರೆಗೆ ಮನೆಯಿಂದ ಪೊಲೀಸರಿಗೆ ಫೋನು ಮಾಡಿದ. ಅದನ್ನು ಮುಟ್ಟಬೇಡಿ, ಎಲ್ಲರೂ ಬೇರೆ ಕೋಣೆಯಲ್ಲಿರಿ, ನಾವೇ ಬರುತ್ತೇವೆ ಎಂದರು. ಅವರು ಬರುವವರೆಗೆ ಒಂದು ಗಂಟೆ ಗಿರಿಜಾದೇವಿ, ಸಾನ್ವಿ, ಅವನು ಮೂವರೂ ಮುಂದಿನ ಕೋಣೆಯಲ್ಲಿ ಒಂದೇ ಸೋಫಾದ ಮೇಲೆ ಕುಳಿತಿದ್ದರು. ಸಾನ್ವಿ ಅಪ್ಪನ ತೋಳಿಗೆ ಒರಗಿ, “ಆರ್ ದೇ ಗೋಯಿಂಗ್ ಟು ಟೇಕ್ ಯು?” ಎಂದು ಕೇಳಿದಳು. “ಗೊತ್ತಿಲ್ಲವ್ವ” ಎಂದ.

ಬಂದವರು ನಾಲ್ವರು. ಇಬ್ಬರ ಎದೆಯ ಮೇಲೆ ಬಂದೂಕು ತೂಗುತ್ತಿತ್ತು. ಕೈ ಕಾಣುವಂತೆ ಹೊರಗೆ ಬನ್ನಿ ಎಂದರು. ಎದುರುಮನೆಯ ಪರದೆಗಳು ಅಲುಗಾಡುತ್ತಿರುವಾಗ ಶರಣಪ್ಪ ಚಪ್ಪಲಿಯಿಲ್ಲದೆ ಅಂಗಳದ ಇಟ್ಟಿಗೆಯ ಮೇಲೆ ನಿಂತ. ಅವರು ಪಿಸ್ತೂಲನ್ನು ಪರೀಕ್ಷಿಸಿ, ತಮ್ಮ ಚೀಲಕ್ಕೆ ಹಾಕಿ, ಅವನನ್ನು ಠಾಣೆಗೆ ಕರೆದೊಯ್ದು ಎರಡು ಗಂಟೆ ಪ್ರಶ್ನೆ ಕೇಳಿದರು. ಬೆಳಿಗ್ಗೆ ಆ ಹುಡುಗಿ ಕೇಳಿದಾಗ ಯಾಕೆ ಹೇಳಲಿಲ್ಲ ಎಂಬುದನ್ನೇ ಮೂರು ರೀತಿ ಕೇಳಿದರು. “ಹೆದರಿದ್ದೆ” ಎಂದು ಮೂರು ಸಲವೂ ಅದನ್ನೇ ಹೇಳಿದ. ಸದ್ಯಕ್ಕೆ ಹೋಗಬಹುದು ಎಂದರು.

ಆ ‘ಸದ್ಯಕ್ಕೆ’ ಐದು ತಿಂಗಳು ನಡೆಯಿತು. ಅಂಚೆಯವನು ಬಾಗಿಲ ಸಂದಿಯಿಂದ ಕಾಗದ ತಳ್ಳಿದ ಸದ್ದಾದರೆ ಶರಣಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದ. ಸೆಪ್ಟೆಂಬರಿನಲ್ಲಿ ಅವನ ಮೇಲೆ ಕ್ರಮವಿಲ್ಲ ಎಂಬ ಪತ್ರ ಬಂತು. ಗಿರಿಜಾದೇವಿ ಅದನ್ನು ಎರಡು ಸಲ ಓದಿಸಿಕೊಂಡು ಶಾಲೆಯ ಕೆಲಸಕ್ಕೆ ಹೋದಳು. ಮಧುಸೂದನ್ ತಪ್ಪೊಪ್ಪಿಕೊಂಡ. ಹಿಂದೆ ಹಲ್ಲೆಯಾಗಿದ್ದು, ವೈದ್ಯರ ವರದಿ, ಎಲ್ಲ ನೋಡಿದ ನ್ಯಾಯಾಧೀಶರು ಶಿಕ್ಷೆಯನ್ನು ಅಮಾನತಿನಲ್ಲಿಟ್ಟರು, ಜೈಲಿಗೆ ಕಳಿಸಲಿಲ್ಲ. ಬ್ಯಾಂಕಿನ ಕೆಲಸ ಮಾತ್ರ ಉಳಿಯಲಿಲ್ಲ.

ಜನವರಿಯಲ್ಲಿ ಒಂದು ಮಧ್ಯಾಹ್ನ, ಟೂಟಿಂಗ್‌ನ ಹೋಟೆಲೊಂದರ ಮುಂದೆ ಇಬ್ಬರೂ ಎದುರಾದರು. ಮಧುಸೂದನ್ ಕೋಲು ಊರಿಕೊಂಡಿದ್ದ, ಜೊತೆಗೆ ಜಾಹ್ನವಿ ಇದ್ದಳು. ಶರಣಪ್ಪ ನಮಸ್ಕಾರ ಮಾಡಿದ. ಮಧುಸೂದನ್ ಒಮ್ಮೆ ತಲೆಯಾಡಿಸಿ ಒಳಗೆ ಹೋದ. ಜಾಹ್ನವಿ ಹಿಂದೆ ಉಳಿದಳು.

“ಅವ್ರು ಈಗ ರಾತ್ರಿ ನಿದ್ದೆ ಮಾಡ್ತಾರೆ” ಎಂದಳು ಮೆಲ್ಲಗೆ. “ಸಿಟ್ಟಿದೆ ನಿಮ್ಮ ಮೇಲೆ. ನನಗಿಲ್ಲ.”

ಬೈಕು ಓಡಿಸ್ತಿದ್ದೀರಾ ಎಂದು ಅವಳು ಕೇಳಿದಾಗ, ಮಾರಿಬಿಟ್ಟೆ ಎಂದ ಶರಣಪ್ಪ. ಗೇಟು ತೆರೆಯಲು ಗಾಡಿಯಿಂದ ಇಳಿಯುವ ಧೈರ್ಯ ತನಗೆ ಮತ್ತೆ ಬರಲಿಲ್ಲ ಎಂಬುದನ್ನು ಅವಳಿಗೆ ಹೇಳಲಿಲ್ಲ.