ಎರಡು ಬೆರಳು ಕೊಬ್ಬರಿ ಎಣ್ಣೆ

ಹುಣಸೂರಿನಿಂದ ಬಸ್ಸಿನಲ್ಲಿ ನಮ್ಮೂರಿಗೆ ಬರುತ್ತಿದ್ದ ಆ ನಿವೃತ್ತ ನರ್ಸಮ್ಮನ ನಾಲಿಗೆ ಕತ್ತಿ, ಬೆರಳು ಬೆಣ್ಣೆ. ಹೊಗೆಸೊಪ್ಪು ಬೇಯಿಸಿ ಒಣಗಿಸುವ ನಮ್ಮ ಬ್ಯಾರನ್ನಿನಲ್ಲಿ ಕಾದ ಕೊಳವೆಯ ಮೇಲೆ ಬಿದ್ದು ನನ್ನ ಕಂಕುಳು ಸುಟ್ಟಿತ್ತು. ಗಾಯ ಮಾಯ್ದರೂ ಚರ್ಮ ಬಿಗಿದುಕೊಂಡು, ಜಡೆ ಹೆಣೆಯಲೂ ಕೈ ಮೇಲೇಳುತ್ತಿರಲಿಲ್ಲ. ಆಕೆ ಎರಡು ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಕಲೆಯ ಮೇಲೆ ಇರುವೆ ನಡೆದ ಹಾಗೆ ಸುತ್ತು ಹಾಕುತ್ತ, ನಮ್ಮೂರಿನ ಬಸ್ಸು, ನಮ್ಮ ಮನೆಯ ಕಾಫಿ, ನನ್ನ ಅಳುಮುಖ, ಎಲ್ಲವನ್ನೂ ಬೈಯುತ್ತಿದ್ದರು. ನಡುನಡುವೆ "ಮೆತ್ಗೆ ಕಣವ್ವ, ಮೆತ್ಗೆ" ಎನ್ನುತ್ತಿದ್ದರು. ಅದು ನನಗಲ್ಲ, ಚರ್ಮಕ್ಕೆ.

ಆತುರಗಾರ ಅಪ್ಪ ಒಂದು ದಿನ ಆಕೆ ಬರುವ ಮುಂಚೆಯೇ ನನ್ನ ಕೈ ಹಿಡಿದು ಜಗ್ಗಿ ಎತ್ತಿದರು. ಚರ್ಮ ಬಿರಿದು ರಕ್ತ ಬಂತು. ಬಂದು ನೋಡಿದ ನರ್ಸಮ್ಮ ಆವತ್ತು ಬೈಯಲಿಲ್ಲ. ನೆಟ್ಟಗೆ ಬ್ಯಾರನ್ನಿಗೆ ಹೋಗಿ, ಆಗಷ್ಟೇ ಬೆಂದು ಒಣಗಿದ್ದ ಗರಿಗರಿ ಸೊಪ್ಪೊಂದನ್ನು ತಂದು ಅಪ್ಪನ ಕೈಗಿಟ್ಟರು.

"ಇದನ್ನ ಮಡಚಿ, ಯಜಮಾನ್ರೇ."

"ಅದೆಂಗಮ್ಮ? ತ್ಯಾವ ಕುಡಿದು ಹದ ಬರೋಕ್ ಮುಂಚೆ ಮುಟ್ಟಿದ್ರೆ ಪುಡಿ ಆಯ್ತದೆ," ಎಂದರು ಅಪ್ಪ.

"ಸೊಪ್ಪಿಗಿರೋ ಮರ್ಯಾದೆ ಮಗಳಿಗಿಲ್ವಾ?"

ಬಿರುಕು ಆರಿದ ಮೇಲೆ ಮತ್ತೆ ಅದೇ ಎಣ್ಣೆ, ಅದೇ ಇರುವೆ ನಡಿಗೆ, ಅದೇ ಬೈಗುಳ. ಕೊನೆಗೂ ಕೈ ತಲೆಯಿಂದ ಮೇಲೆ ಹೋದ ದಿನ ಅಪ್ಪ ಎದುರಿಗೇ ನಿಂತಿದ್ದರು.

"ಕೈ ಬಂತಲ್ಲ, ನಿಮ್ಮಪ್ಪನ ತಲೆಗೊಂದು ಮೊಟಕು," ಎಂದರು ನರ್ಸಮ್ಮ.

ನಾನು ನಕ್ಕು ಹಿಂಜರಿದೆ. ಅಪ್ಪನೇ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ, ನನ್ನ ಮುಂದೆ ಬಗ್ಗಿದರು.

"ಮೆತ್ಗೆ ಕಣವ್ವ," ಎಂದರು ಅಪ್ಪ, "ಮೆತ್ಗೆ."