ಗಾಳಿಗಿಟ್ಟ ನೀಲಿ ಪದರ

ಒಂದು ಕಡೆ ಕೂರುವ ಗುಣ ನನಗೆ ಮೊದಲಿನಿಂದಲೂ ಇಲ್ಲ. ಅಂಥವಳಿಗೆ ಸಿಕ್ಕ ಪಿಎಚ್‌ಡಿಯಾದರೂ ಎಂಥದ್ದು? ಒಂದು ಪ್ಲಾಸ್ಟಿಕ್ ಪದರವನ್ನು ಗಾಳಿಗಿಟ್ಟು, ಅದು ಕೆಡುತ್ತದೋ ಇಲ್ಲವೋ ಎಂದು ಕಾಯುವುದು.

ಪ್ಲಾಸ್ಟಿಕ್ ಎಂದರೆ ಬಕೆಟ್ಟಿನದಲ್ಲ. ಇಂಗಾಲದ ಸರಪಳಿಯುದ್ದಕ್ಕೂ ಒಂಟಿ ಬಂಧ, ಜೋಡಿ ಬಂಧ, ಮತ್ತೆ ಒಂಟಿ, ಮತ್ತೆ ಜೋಡಿ ಎಂದು ಸಾಗುವ ಪಾಲಿಮರ್. ಆ ಜೋಡಣೆಯಿಂದಾಗಿ ಅದರೊಳಗೆ ವಿದ್ಯುತ್ ಹರಿಯಬಲ್ಲದು. ಸಂಭಾಜಿನಗರದ ಲ್ಯಾಬಿನಲ್ಲಿ ನಾನೇ ಕುದಿಸಿ, ಸೋಸಿ, ತೊಳೆದು ಮಾಡಿದ ಕಡುನೀಲಿ ಪುಡಿ. ಅದನ್ನು ಕರಗಿಸಿ ಸಿಲಿಕಾನ್ ಚೂರಿನ ಮೇಲೆ ತೆಳ್ಳಗೆ ಹರಡಿ ಟ್ರಾನ್ಸಿಸ್ಟರ್ ಮಾಡುತ್ತಿದ್ದೆ. ಅದು ಕರೆಂಟಿನ ನಲ್ಲಿ ಇದ್ದಂತೆ: ತಿರುಗಿಸಿದರೆ ಹರಿಯಬೇಕು, ಮುಚ್ಚಿದರೆ ನಿಲ್ಲಬೇಕು. ಒಂದು ತಿಂಗಳು ಗಾಳಿಯಲ್ಲಿದ್ದ ಮೇಲೂ ಹಾಗೆ ನಿಲ್ಲುತ್ತದೆ ಎಂದು ತೋರಿಸಿಬಿಟ್ಟರೆ ನನ್ನ ಪ್ರಬಂಧದ ಕೊನೆಯ ಅಧ್ಯಾಯ ಮುಗಿಯುತ್ತಿತ್ತು. ಇಲ್ಲವಾದರೆ ಬೇರೆ ಪಾಲಿಮರ್, ಮತ್ತೆ ಮೊದಲಿನಿಂದ.

ಹೊಸ ಟ್ರಾನ್ಸಿಸ್ಟರುಗಳನ್ನು ಕಪಾಟಿನಲ್ಲಿಟ್ಟು ನಾಶಿಕಕ್ಕೆ ಹೋದೆ. ಅಪ್ಪನಿಗೆ ವಿಜಯಪುರದಿಂದ ಬ್ಯಾಂಕಿನ ವರ್ಗವಾಗಿ ಪಂಚವಟಿಯಲ್ಲಿ ನಮ್ಮ ಬಾಡಿಗೆ ಮನೆ. ಮನೆ ಮಾಲೀಕರ ತೋಟ ನಿಫಾಡಿನಲ್ಲಿದೆ. ವಿದೇಶಕ್ಕೆ ಕಳಿಸಲು ಕಟ್ಟಿದ ದ್ರಾಕ್ಷಿ ಪೆಟ್ಟಿಗೆ ಒಂದೆರಡು ನಮಗೂ ಬರುತ್ತವೆ. ನಾನು ಹೊರಟಾಗ ಅವ್ವ ಒಂದನ್ನು ತಂದು ಕೈಗಿಟ್ಟಳು.

“ಸರ್‌ಗೆ ಕೊಡು. ಗುರುಗಳ ಕಡೆ ಖಾಲಿ ಕೈಲೆ ಹೋಗ್ತಾರೇನು?”

“ಅವ್ವಾ, ಅವ್ರು ನೋಡೋದು ನನ್ನ ಪಾಲಿಮರ್, ದ್ರಾಕ್ಷಿ ಅಲ್ಲ.”

“ಎರಡೂ ನೋಡ್ಲಿ. ತಗೊಂಡು ಹೋಗು ಸುಮ್ನ.”

ಸರ್ ಖುಷಿಯಿಂದಲೇ ತೆಗೆದುಕೊಂಡರು. ಲ್ಯಾಬಿನಲ್ಲಿ ಎಸಿ ಇದ್ದದ್ದು ಅಳತೆಯ ಕೋಣೆಗೆ ಮಾತ್ರ, ಹಾಗಾಗಿ ಪೆಟ್ಟಿಗೆಯನ್ನು ಅಲ್ಲಿನ ಕಪಾಟಿನಲ್ಲಿಟ್ಟರು. ಮೇಲಿನ ಅರೆಯಲ್ಲಿ ನನ್ನ ಟ್ರಾನ್ಸಿಸ್ಟರುಗಳು, ಕೆಳಗೆ ದ್ರಾಕ್ಷಿ. ಹೋಗಿ ಬರುವವರೆಲ್ಲ ಗೊಂಚಲು ಮುರಿದು ತಿಂದರು. ಖಾಲಿ ಪೆಟ್ಟಿಗೆಯನ್ನು ಎತ್ತಿಡಲು ಮಾತ್ರ ಯಾರಿಗೂ ಪುರುಸೊತ್ತಾಗಲಿಲ್ಲ.

ಕೆಲವೇ ದಿನಗಳಲ್ಲಿ ನಲ್ಲಿ ಸೋರತೊಡಗಿತು. ಮುಚ್ಚಿದರೂ ಕರೆಂಟು ಹರಿಯುತ್ತಲೇ ಇತ್ತು. ಬೆಳಿಗ್ಗೆ ಅಳೆದೆ, ಊಟ ಬಿಟ್ಟು ಅಳೆದೆ, ಸಂಜೆ ಅಳೆದೆ. ಪದೇ ಪದೇ ಅಳೆದರೆ ಕಡಿಮೆಯಾಗಲು ಅದೇನು ಜ್ವರವೇ? ಆದರೂ ಕೈ ಕೇಳಬೇಕಲ್ಲ.

ಕೊನೆಗೆ ಸರ್ ಕಪಾಟು ತೆರೆದು ಮೂಗು ಹಿಗ್ಗಿಸಿದರು. ಪೆಟ್ಟಿಗೆಯ ತಳದಿಂದ ಒಂದು ಹಾಳೆ ಎಳೆದು ಹಿಡಿದರು. ದ್ರಾಕ್ಷಿಗೆ ಬೂಷ್ಟು ಬರದಿರಲೆಂದು ರೈತರು ಹಾಕುವ ಹಾಳೆ; ತೇವ ತಗುಲಿದರೆ ಗಂಧಕದ ಹೊಗೆ ಬಿಡುತ್ತದೆ. ಇಂಥ ಪಾಲಿಮರಿಗೆ ಅದರ ಸಹವಾಸ ಆಗಿಬರುವುದಿಲ್ಲ. ಸರ್ ಹಣೆ ಚಚ್ಚಿಕೊಂಡು ನಕ್ಕು ಮರಾಠಿಯಲ್ಲಿ ಅಂದರು: ತಪ್ಪು ನಿನ್ನ ಪಾಲಿಮರಿನದಲ್ಲ, ಹೊಸದಾಗಿ ಮಾಡಿ ಇಡು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಫೋನಿನಲ್ಲಿ ಅವ್ವನಿಗೂ ನಗುತ್ತಲೇ ಹೇಳಿದೆ. ಅವಳು ನಗಲಿಲ್ಲ. ಮುಂದಿನ ಸಲ ಮನೆಗೆ ಹೋದಾಗ ಬಟ್ಟಲು ತುಂಬ ದ್ರಾಕ್ಷಿಯಿತ್ತು. ಅಪ್ಪ ತಿಂದರು, ನಾನು ತಿಂದೆ, ದ್ರಾಕ್ಷಿಯೆಂದರೆ ಜೀವ ಬಿಡುವ ಅವ್ವ ಮುಟ್ಟಲಿಲ್ಲ.

“ನಿನ್ನ ಕೆಲಸ ಆಗೂತನಕ ಬಿಟ್ಟಾಳಂತ,” ಅಂದರು ಅಪ್ಪ.

ನನಗೆ ಮೈಯೆಲ್ಲ ಉರಿಯಿತು. “ನೀ ದ್ರಾಕ್ಷಿ ಬಿಟ್ಟಿದ್ದು ಪಾಲಿಮರಿಗೆ ಹೆಂಗ ಗೊತ್ತಾಗ್ತೈತವ್ವಾ?”

“ಗೊತ್ತಾಗೋದು ಬ್ಯಾಡ,” ಎಂದು ಬಟ್ಟಲನ್ನು ನನ್ನ ಕಡೆಗೇ ಸರಿಸಿದಳು.

ಶೀಶೆಯಲ್ಲಿ ಉಳಿದಿದ್ದ ಕೊನೆಯ ಪುಡಿಯಿಂದ ಹೊಸ ಪದರ ಮಾಡಿದೆ. ಕಪಾಟು ಒರೆಸಿ, ಬೀಗ ಹಾಕಿ, ಬೀಗದ ಕೈಯನ್ನು ಕೊರಳಲ್ಲೇ ಕಟ್ಟಿಕೊಂಡೆ. ಸಂಭಾಜಿನಗರದ ಬಿಸಿಲು ಏರುತ್ತಿತ್ತು. ಓದಲು ಕೂತರೆ ಕಾಲು ಕುಣಿಯುತ್ತಿತ್ತು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತಿರಲಿಲ್ಲ. ಮಾರುಕಟ್ಟೆಯಲ್ಲಿ ದ್ರಾಕ್ಷಿ ಕಡಿಮೆಯಾಗುತ್ತಿರುವುದು ಮಾತ್ರ ಕಣ್ಣಿಗೆ ಬೀಳುತ್ತಿತ್ತು. ಸೀಸನ್ ಮುಗಿಯುವುದರೊಳಗೆ ಕೆಲಸವಾಗಲಿ ಎಂದು ನಾನೂ ಬೇಡಿಕೊಂಡೆ, ಸುಳ್ಳೇಕೆ ಹೇಳಲಿ.

ತಿಂಗಳು ತುಂಬುವ ಮೊದಲೇ ಅದು ಸೋರಿತು. ಗಂಧಕವಿಲ್ಲ, ಹೊಗೆಯಿಲ್ಲ, ಎಲ್ಲರೂ ಉಸಿರಾಡುವ ಗಾಳಿಯೇ ಅದನ್ನು ಕೆಡಿಸಿತ್ತು. ಸರ್ ಗ್ರಾಫನ್ನು ಬಹಳ ಹೊತ್ತು ನೋಡಿ, “ಬೇರೆ ಮಾಡೋಣ,” ಅಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಅಳುವಿನ ನಡುವೆಯೇ ಒಂದು ಸಮಾಧಾನ: ಅವ್ವನ ತಲೆಯ ಮೇಲಿನ ಭಾರ ಇಳಿಯಿತಲ್ಲ. ಕೂಡಲೇ ಫೋನ್ ಮಾಡಿದೆ.

“ಅವ್ವಾ, ದ್ರಾಕ್ಷಿ ತಿನ್ನು. ನಿಂದೇನೂ ತಪ್ಪಿಲ್ಲ. ಗಂಧಕ ಇಲ್ದಾಗೂ ಕೆಟ್ಟೈತಿ. ನನ್ನ ಪಾಲಿಮರ್ರೇ ಸರಿ ಇಲ್ಲ.”

“ಹಂಗಂದ್ರ ಕೆಲಸ ಆಗಲಿಲ್ಲೇನು?”

“ಇಲ್ಲ.”

ಆ ಕಡೆ ಕುಕ್ಕರ್ ಕೂಗಿತು. ಅವ್ವ ಹೋಗಿ ಗ್ಯಾಸ್ ಆರಿಸಿ ಬಂದಳು.

“ಮತ್ತ ತಿನ್ನು ಅಂತೀಯಲ್ಲ? ತಪ್ಪು ಮಾಡೀನಂತ ಬಿಟ್ಟಿಲ್ಲ ನಾ. ನಿನ್ನ ಕೆಲಸ ಆಗ್ಲಿ ಅಂತ ಬಿಟ್ಟೀನಿ. ಆಗೂತನಕ ಇರ್ಲಿ ಬಿಡು.”