ಗುಜರಿಯವನೂ ಒಲ್ಲೆನೆಂದ ದಾನ

ಆ ದಿನಗಳೆಂದರೆ ತೀರ ಹಿಂದಿನ ಕಾಲವೇನಲ್ಲ. ನೀಲಗಿರಿ ಬೆಟ್ಟದ ನಮ್ಮ ಹಟ್ಟಿಗೆ ಮಂಜೂರಿನಿಂದ ಮಿನಿಬಸ್ಸು ಬರುತ್ತಿತ್ತು, ಅಪ್ಪನ ಜೇಬಿನಲ್ಲಿ ಮೊಬೈಲ್ ಇತ್ತು, ಮನೆಮನೆಯಲ್ಲೂ ಟೀವಿ ಇತ್ತು. ನಾನು ಆಗಷ್ಟೇ ಐದನೇ ಕ್ಲಾಸು ಮುಗಿಸಿದ್ದೆ. ಬೇಸಿಗೆ ರಜೆಯೆಂದರೆ ನಮಗೆ ತವುಟೆ ಹಣ್ಣಿನ ಕಾಲ. ಹಲ್ಲು, ನಾಲಗೆ ನೇರಳೆಯಾಗುವವರೆಗೆ ಪೊದೆಪೊದೆ ಸುತ್ತುವುದು, ಟೀ ಸೊಪ್ಪು ತುಂಬುವ ಹಳೇ ಚೀಲದ ಮೇಲೆ ಕೂತು ಹುಲ್ಲಿನ ಇಳಿಜಾರಿನಲ್ಲಿ ಜಾರುವುದು, ಮೈಯೆಲ್ಲ ನೀಲಗಿರಿ ಎಲೆಯ ವಾಸನೆ ಹೊತ್ತು ಸಂಜೆ ಮನೆಗೆ ಬಂದು ಅವರೆ ಸಾರಿನಲ್ಲಿ ರಾಗಿಹಿಟ್ಟಿನ ಮುದ್ದೆ ಅದ್ದಿ ನುಂಗುವುದು. ಆ ವರ್ಷ ಮಾತ್ರ ಇಷ್ಟನ್ನೂ ಬಿಟ್ಟು ಬೆಂಗಳೂರಿಗೆ ಹೋದೆ. ಮಾಮಿ ಕರೆದಿದ್ದಳು.

ಮಾಮಿ ಅಪ್ಪನ ಒಬ್ಬಳೇ ತಂಗಿ. ಹಟ್ಟಿಯಲ್ಲಿ ಅವಳ ಹೆಸರು ಮಾದಿ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮಧು. ಅಲ್ಲಿಗೆ ಕಾಲಿಟ್ಟ ದಿನವೇ ಲಿಫ್ಟಿನಲ್ಲಿ ನನ್ನ ಭುಜ ಹಿಡಿದು, "ಇಲ್ಲಿ ಮಾದಿ ಮಾಮಿ ಅನ್ಬೇಡ, ಮಧು ಆಂಟಿ ಅನ್ನು" ಎಂದಳು. ಅದೂ ನಮ್ಮ ಬಡಗ ಮಾತಿನಲ್ಲಲ್ಲ, ಬೆಂಗಳೂರಿನವರ ಕನ್ನಡದಲ್ಲಿ.

ಆ ಅಪಾರ್ಟ್‌ಮೆಂಟಿನ ಜನರಿಗೆ ಆ ತಿಂಗಳು ಒಂದು ಹುಚ್ಚು ಹಿಡಿದಿತ್ತು. ಮನೆ ಖಾಲಿ ಮಾಡುವುದು. ಬೇಡದ ಸಾಮಾನು ಮನೆಯಲ್ಲಿದ್ದರೆ ಮನಸ್ಸು ಭಾರವಾಗುತ್ತದಂತೆ, ಕೊಟ್ಟುಬಿಟ್ಟರೆ ಹಗುರವಂತೆ. ಯಾರೋ ಬಂದು ಕ್ಲಬ್‌ಹೌಸಿನಲ್ಲಿ ಭಾಷಣ ಮಾಡಿ ಹೋಗಿದ್ದರು. ಹಗುರಾಗುವುದಕ್ಕೂ ಭಾಷಣ ಬೇಕಾದ ಜನ! ಸೋಫಾ, ಫ್ರಿಜ್ಜು, ಸೈಕಲ್ಲು ಮುಂತಾದ ಒಳ್ಳೆಯ ಸಾಮಾನಿನ ಫೋಟೋ ತೆಗೆದು ಫೋನಿನಲ್ಲೇ ಮಾರಿದರು. ಮಾರಾಟವಾಗದ್ದನ್ನು ಬೇಸ್‌ಮೆಂಟಿನಲ್ಲಿ ರಾಶಿ ಹಾಕಿ ಗುಜರಿಯವನನ್ನು ಕರೆಸಿದರು. ಅವನು ರಾಶಿಯ ಸುತ್ತ ಒಂದು ಸುತ್ತು ಬಂದು, ಚಪ್ಪಲಿಯ ತುದಿಯಿಂದ ಒಂದೆರಡನ್ನು ಎಬ್ಬಿಸಿ ನೋಡಿದ.

"ಇದ್ಯಾವ್ದೂ ಬೇಡ ಮೇಡಂ. ಹೊತ್ಕೊಂಡೋಗೋಕೆ ನೀವೇ ನಂಗೆ ಕೂಲಿ ಕೊಡ್ಬೇಕಾಯ್ತದೆ" ಎಂದು ಗಾಡಿ ತಳ್ಳಿಕೊಂಡು ಹೋದ.

ರಾಶಿಯ ಯಜಮಾನಿಕೆ ವಹಿಸಿಕೊಂಡಿದ್ದವಳು ಆರನೇ ಮಹಡಿಯ ರೂಪಾ ಮೇಡಂ. ಅವಳ ಮುಖ ಸಪ್ಪಗಾಯಿತು. ಆಗ ನಮ್ಮ ಮಾಮಿಗೆ ಬುದ್ಧಿ ಹೊಳೆಯಿತು.

"ನಮ್ ಕಡೆ ಹಿಲ್ಸಲ್ಲಿ ಕೊಡೋಣ ರೂಪಾ. ಪಾಪ, ಅವರಿಗೆ ಏನು ಕೊಟ್ರೂ ಖುಷಿ."

ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಎಂದರೆ ಯಾರು ಎಂದು ನನಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಗುಜರಿಯವನು ಕಾಲಲ್ಲಿ ಒದ್ದು ಹೋದದ್ದು ಅರ್ಧ ಗಂಟೆಯಲ್ಲಿ ದಾನವಾಯಿತು. ನಾನೂ ಪೆಟ್ಟಿಗೆ ತುಂಬಲು ಕೈ ಹಾಕಿದೆ. ಒಳಗೆ ಬ್ರೆಡ್ಡಿನ ಚೂರು ಅಂಟಿದ ಟೋಸ್ಟರ್, ಪಾಚಿಯ ಕಲೆಯ ಮೀನಿನ ಗಾಜಿನ ತೊಟ್ಟಿ, ಯಾರದೋ ಎಣ್ಣೆತಲೆಯ ದಿಂಬುಗಳು, ಉತ್ತರವನ್ನೆಲ್ಲ ಬರೆದು ಮುಗಿಸಿದ್ದ ಪ್ರಶ್ನೆಪುಸ್ತಕ, ಈಜುಡುಗೆ, ಹಿಮ್ಮಡಿ ಮುರಿದ ಬಂಗಾರಬಣ್ಣದ ಚಪ್ಪಲಿ, ಮೋಟಾರಿಲ್ಲದ ಟ್ರೆಡ್‌ಮಿಲ್ಲು. ದಿನಕ್ಕೆ ಮೂರು ಸಲ ಗುಡ್ಡ ಹತ್ತಿ ಇಳಿಯುವವರಿಗೆ ನಡೆಯುವ ಯಂತ್ರ! ಮೀನಿನ ತೊಟ್ಟಿ ಏಕೆಂದು ಕೇಳಿದ್ದಕ್ಕೆ ಮಾಮಿ, "ಅಕ್ಕಿ ಹಾಕಿಡ್ತಾರೆ ಬಿಡು" ಎಂದಳು.

ಆಮೇಲೆ ರೂಪಾ ಮೇಡಂ ನನ್ನನ್ನು ಕಂಡಳು.

"ಇದ್ಯಾರು ಮಧು?"

ನನ್ನ ಅಣ್ಣನ ಮಗಳು ಎಂಬ ಮೂರು ಮಾತಿಗಾಗಿ ನಾನು ಮಾಮಿಯ ಬಾಯಿ ನೋಡಿದೆ. ಅವಳು ನನ್ನ ಕಡೆ ನೋಡದೆಯೇ, "ಅಲ್ಲಿನ ಮಗು" ಎಂದಳು.

"ಹೌದಾ! ಹಾಗಾದ್ರೆ ಒಂದು ಫೋಟೋ ತೆಗೀಲೇಬೇಕು. ಗ್ರೂಪಲ್ಲಿ ಹಾಕಿದ್ರೆ ಇನ್ನೂ ಕೊಡ್ತಾರೆ ಜನ." ತೋಳು ಹರಿದ ಗುಲಾಬಿ ಬಣ್ಣದ ತುಪ್ಪಳದ ಕೋಟೊಂದನ್ನು ಎಳೆದು ನನಗೆ ತೊಡಿಸಿದಳು. ಅದರಲ್ಲಿ ನಾಯಿಯ ವಾಸನೆ ಇತ್ತು. ಪೆಟ್ಟಿಗೆಯ ಮುಂದೆ ನಿಲ್ಲಿಸಿ ಫೋನು ಎತ್ತಿದವಳು ಮತ್ತೆ ಇಳಿಸಿದಳು. "ಶೂ ಬೇಡ ಕಣೆ, ಚೆನ್ನಾಗಿ ಬರ್ತಿಲ್ಲ. ನಗಬೇಡ ಪುಟ್ಟಾ."

ಅಪ್ಪ ಮಂಜೂರಿನ ಪೇಟೆಯಲ್ಲಿ ಕೊಡಿಸಿದ್ದ ಹೊಸ ಶೂ ಅದು. ಮಾಮಿ ಬಗ್ಗಿ, ತಾನೇ ಲೇಸು ಬಿಚ್ಚುತ್ತ, ಬೆಂಗಳೂರಿಗೆ ಬಂದಮೇಲೆ ಮೊದಲ ಸಲ ನಮ್ಮ ಮಾತಿನಲ್ಲಿ, "ಕಳಚು ಮಗಾ, ಒಂದು ಗಳಿಗೆ" ಎಂದಳು. ಸಿಮೆಂಟಿನ ನೆಲ ಅಂಗಾಲಿಗೆ ತಣ್ಣಗೆ ತಾಗಿತು. ನಾನು ನಗಲಿಲ್ಲ. ಅವರಿಗೆ ಬೇಕಾದ ಫೋಟೋ ಸಿಕ್ಕಿತು.

ಎರಡು ದಿನ ಬಿಟ್ಟು ವ್ಯಾನು ನಮ್ಮ ಹಟ್ಟಿಗೆ ಹೊರಟಿತು. ಮುಂದಿನ ಸೀಟಿನಲ್ಲಿ ಮಾಮಿ, ರೂಪಾ ಮೇಡಂ. ಹಿಂದೆ ಸಾಮಾನಿನ ನಡುವೆ ನಾನು. ದಾರಿಯ ಆನೆಬಿಡಾರ ತೆಪ್ಪಕಾಡಿನಲ್ಲಿ ಗಾಡಿ ನಿಲ್ಲಿಸಿ, ಸಾಕಾನೆಗೆ ಮುದ್ದೆ ತಿನ್ನಿಸುತ್ತಿದ್ದ ಮಾವುತನ ಮುಂದೆ ರೂಪಾ ಮೇಡಂ ಹಳಸಿದ ಕೇಕಿನ ಪೊಟ್ಟಣ ಹಿಡಿದಳು. ಅವನು ತಲೆಯೆತ್ತದೆ, "ಆನೆ ಅದನ್ನೆಲ್ಲ ತಿನ್ನಾಕಿಲ್ಲಮ್ಮ" ಎಂದ. ಆ ಪೊಟ್ಟಣವೂ ಹಿಂದಕ್ಕೆ ಬಂದು ದಾನದ ಪೆಟ್ಟಿಗೆ ಸೇರಿತು.

ಹಟ್ಟಿಗೆ ನೆಂಟರು ಬಂದರೆ ಸುಮ್ಮನಿರುವ ಪೈಕಿಯಲ್ಲ ನಮ್ಮ ಹೆತ್ತೆ. ನಮ್ಮಲ್ಲಿ ಅಜ್ಜಿಗೆ ಹೆತ್ತೆ ಎನ್ನುತ್ತೇವೆ. ಬಿಳಿಯ ಮುಂಡು ಉಟ್ಟು, ತಲೆಗೆ ಬಿಳಿವಸ್ತ್ರ ಕಟ್ಟಿ ಬಾಗಿಲಲ್ಲೇ ನಿಂತಿದ್ದಳು. ಮಗಳ ತಲೆ ಮುಟ್ಟಿ ಹರಸಿದಳು, ರೂಪಾ ಮೇಡಂಗೂ ಅದೇ ಆಶೀರ್ವಾದ. ಕಾಫಿಯಾಯಿತು, ತುಪ್ಪದಲ್ಲಿ ಕರಿದ ತುಪ್ಪದಿಟ್ಟು ಆಯಿತು. ಅಲ್ಲಿಯವರೆಗೆ ಯಾರೂ ವ್ಯಾನಿನ ಮಾತೆತ್ತಲಿಲ್ಲ. ಉಣ್ಣುವ ಮೊದಲು ಬಂದ ಕೆಲಸ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ.

ಆಮೇಲೆ ಸುತ್ತುಕಲ್ಲಿನ ಹತ್ತಿರ, ಎಂದರೆ ಹಿರಿಯರು ಕೂತು ನ್ಯಾಯ ಮಾತಾಡುವ ಕಟ್ಟೆಯ ಮುಂದೆ, ಪೆಟ್ಟಿಗೆಗಳು ಇಳಿದವು. ಮಾಮಿ, ರೂಪಾ ಮೇಡಂ, ಡ್ರೈವರು ಮೂವರೂ ಸೇರಿ ಒಂದು ಬ್ಯಾನರು ಕಟ್ಟಿದರು. ಹಟ್ಟಿಯವರೆಲ್ಲ ಸೇರಿದ್ದರು. ಹೆತ್ತೆ ನನ್ನನ್ನು ಕರೆದು ಕೇಳಿದಳು.

"ಅದರಲಿ ಏನ ಬರೆದದೆ, ಓದು ಮಗಾ."

ನಾನು ಇಂಗ್ಲಿಷ್ ಓದಿ ಅರ್ಥ ಹೇಳಿದೆ: "ಗುಡ್ಡದ ಬಡ ಜನರಿಗೆ ನಮ್ಮ ಸಹಾಯ."

ಹೆತ್ತೆ ಹಿಂತಿರುಗಿ ನೋಡಿದಳು. ಅಲ್ಲಿದ್ದದ್ದು ನಮ್ಮ ಟೀ ತೋಟ, ಹೊಸದಾಗಿ ಬಣ್ಣ ಕಂಡ ಮನೆಗಳು, ಕ್ಯಾರೆಟ್ಟಿನ ಪಾತಿ.

"ದಾರು ಬಡವರು? ಇವರು ಹಟ್ಟಿ ತಪ್ಪಿ ಬಂದರೋ ಏನೋ, ಕೇಳು." ದಾರು ಎಂದರೆ ನಮ್ಮಲ್ಲಿ ಯಾರು.

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ನಗುವೆಂದರೆ ಸಂತೋಷವೆಂದೇ ತಿಳಿದ ರೂಪಾ ಮೇಡಂ ಉಬ್ಬಿ, ಫೋನು ತೆರೆದು ಹೆತ್ತೆಯ ಮುಂದೆ ಹಿಡಿದಳು. "ನೋಡಿ ಅಜ್ಜಿ, ಈ ಮಗು ಫೋಟೋ ನೋಡಿನೇ ಎಷ್ಟು ಜನ ಕೊಟ್ರು!"

ಹೆತ್ತೆ ತುಂಬ ಹೊತ್ತು ನೋಡಿದಳು. ಕೋಟು ನೋಡಿದಳು, ನನ್ನ ಮುಖ ನೋಡಿದಳು.

"ಶೂ ಎಲ್ಲಿ ಹೋತು?"

"ಮಾಮಿ ಕಳಚೆಂದಳು" ಎಂದೆ.

ಮಾಮಿ ಏನೋ ಹೇಳಲು ಬಾಯಿ ತೆರೆದಳು. ಹೆತ್ತೆ ಕೈ ಅಡ್ಡ ಹಿಡಿದಳು.

"ಮಾದಿ, ಇದು ದಾರ ಮನೆ ಹೆಣ್ಣೆಂದು ಅವರಿಗೆ ಹೇಳಿದೆಯಾ?"

ಮಾಮಿ ನೆಲ ನೋಡಿದಳು.

"ಹೇಳಲಿಲ್ಲೆ. ಹೇಳಿದರೆ ನೀನು ದಾರ ಮಗಳು ಎಂತಲೂ ಹೇಳಬೇಕಾಗುತಿತ್ತು." ಹೆತ್ತೆಯ ದನಿ ಏರಲೇ ಇಲ್ಲ. "ಇಳಿಸಿದವಳು ನೀನು. ಏರಿಸು."

"ಅವ್ವೆ, ಎಲ್ಲರೂ ನೋಡುತಾರೆ..."

"ನೋಡಲಿ ಎಂದೇ ತಾನೇ ತಂದದ್ದು?"

ಮಾಮಿ ಒಂದೊಂದೇ ಪೆಟ್ಟಿಗೆ ಎತ್ತಿ ವ್ಯಾನಿಗೆ ತುಂಬಿದಳು. ಡ್ರೈವರು ಕೈಹಾಕಲು ಹೋದಾಗ ಅಪ್ಪ ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಟ್ರೆಡ್‌ಮಿಲ್ಲಿನ ಜೊತೆ ಅವಳು ಹೋರಾಡುತ್ತಿದ್ದಾಗ ಅವಳ ಜೊತೆಯೇ ಟೀ ಸೊಪ್ಪು ಕಿತ್ತು ಬೆಳೆದ ಹೆಂಗಸರು ಕೈಕಟ್ಟಿ ನಿಂತು ನೋಡಿದರು. ನನಗೆ ಅಯ್ಯೋ ಅನ್ನಿಸಬೇಕಿತ್ತೇನೋ. ಅನ್ನಿಸಲಿಲ್ಲ. ಇವತ್ತಿಗೂ ಅನ್ನಿಸಿಲ್ಲ.

ಹಾಗೆಂದು ಹಟ್ಟಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಹೊರಡುವ ಮುನ್ನ ಹೆತ್ತೆ ಒಂದು ಮೂಟೆ ಆಲೂಗಡ್ಡೆ, ಒಂದು ಮೂಟೆ ಕ್ಯಾರೆಟ್ಟು ಹಾಕಿಸಿದಳು. ನಾಚಿಕೆಯಾದೀತು ಎಂದುಕೊಂಡಿದ್ದೆವು. ರೂಪಾ ಮೇಡಂ ಕೈತಟ್ಟಿ, "ಅಯ್ಯೋ, ಫ್ರೆಶ್! ಆರ್ಗ್ಯಾನಿಕ್ ತಾನೇ?" ಎಂದು ಕೇಳಿ, ಮೂಟೆಯ ಜೊತೆ ನಿಂತು ಇನ್ನೊಂದು ಫೋಟೋ ತೆಗೆಸಿಕೊಂಡಳು. ಅವಮಾನ ತಾಗಲಿಕ್ಕೂ ಒಂದು ಚರ್ಮ ಬೇಕು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ವಾರ ಹಣ್ಣಿಗೆ ಹೋದ ನಾವು ಮಕ್ಕಳು ಕೆಳಗಿನ ತಿರುವಿನ ಕಣಿವೆಯಲ್ಲಿ ಮೀನಿನ ತೊಟ್ಟಿಯ ಗಾಜು ಹೊಳೆಯುವುದನ್ನು ಕಂಡೆವು. ದಿಂಬು, ಪುಸ್ತಕ, ಚಪ್ಪಲಿ ಎಲ್ಲ ಅಲ್ಲೇ ಚೆಲ್ಲಿ ಬಿದ್ದಿದ್ದವು. ಮೂಟೆ ಎರಡನ್ನು ಮಾತ್ರ ಒಯ್ದಿದ್ದರು. ಆ ಕಣಿವೆಯ ನೀರೇ ಕೆಳಗಿನ ಹಟ್ಟಿಗೆ ಕುಡಿಯುವ ನೀರು. ನಮ್ಮ ಗಂಡಸರು ಸೊಪ್ಪಿನ ಕೆಲಸ ಬಿಟ್ಟು, ಹಗ್ಗ ಕಟ್ಟಿ ಇಳಿದು, ಬೆಂಗಳೂರಿನ ಆ ಮನೆಗಳ ಕಸವನ್ನು ಹೆಗಲ ಮೇಲೆ ಹೊತ್ತು ಮೇಲೆ ತಂದರು. ಅತ್ತ ಮಾಮಿಯ ಗ್ರೂಪಿನಲ್ಲಿ ಬ್ಯಾನರಿನ ಫೋಟೋಗೆ ಚಪ್ಪಾಳೆ ಬೀಳುತ್ತಿತ್ತಂತೆ.

ಹೆತ್ತೆ ತೀರಿಹೋಗಿ ವರ್ಷಗಳಾದವು. ಮಾಮಿ ಈಗಲೂ ಬರುತ್ತಾಳೆ. ಹಟ್ಟಿಯ ಹುಡುಗರು ಅವಳನ್ನು ಮಧು ಆಂಟಿ ಎಂದೇ ಕರೆಯುತ್ತಾರೆ, ಕುರ್ಚಿ ಹಾಕುತ್ತಾರೆ. ಕಳೆದ ದೀಪಾವಳಿಗೆ ನಾನು ಊರಿಗೆ ಹೋಗಿದ್ದಾಗ ಇನ್ಯಾವುದೋ ಪಟ್ಟಣದ ಇನ್ಯಾವುದೋ ಗುಂಪು ವ್ಯಾನು ತಂದಿತ್ತು. ಸುತ್ತುಕಲ್ಲಿನಿಂದ ಬಸ್‌ಸ್ಟಾಪಿನವರೆಗೆ ಸಾಲು. ಮನೆ ಮುಂದೆ ಸ್ವಂತ ಕಾರು ನಿಲ್ಲಿಸಿದ ಚಿಕ್ಕಪ್ಪನೂ ಅದರಲ್ಲಿದ್ದರು. ಅವರ ಕೈಗೆ ಬಂದದ್ದು ಜಾರ್ ಇಲ್ಲದ ಮಿಕ್ಸಿ.

"ಇದನ್ನ ಇಟ್ಟು ಏನು ಮಾಡುವಿರಿ ಚಿಕ್ಕಪ್ಪ?" ಎಂದು ಕೇಳಿದೆ.

"ಇರಲಿ ಬಿಡು ಮಗಾ" ಎಂದರು, ಮಿಕ್ಸಿಯನ್ನು ಕಂಕುಳಿಗೆ ಭದ್ರ ಮಾಡಿಕೊಳ್ಳುತ್ತ. "ಸುಮ್ಮನೆ ಸಿಕ್ಕುವುದನ್ನ ದಾರಾದರೂ ಬಿಡುತಾರೆಯಾ?"

ಬಿಟ್ಟವರಿದ್ದರು. ಒಂದು ಇಡೀ ಹಟ್ಟಿ ತುಂಬ ಇದ್ದರು.